ಕೆಂಪು ದಾರದ ಕಟ್ಟು

ಹೊಲಿಗೆ ಮಿಷನ್ನಿನ ಸೂಜಿ ಬೆರಳಿಗೆ ಇಳಿಯುವುದು ಆ ಬೀದಿಗೆ ಹೊಸದಲ್ಲ. ಈ ಸಲ ಕಾಲರಮ್ಮನಿಗೆ ಇಳಿಯಿತು. ಮದುವೆಯಾದಾಗಿನಿಂದ ಮನೆಯಲ್ಲೇ ಶರ್ಟಿನ ಕಾಲರ್ ಹೊಲಿದು ಹೊಲಿದು ಅವಳಿಗೆ ಆ ಹೆಸರೇ ನಿಂತುಬಿಟ್ಟಿತ್ತು. ಗಂಡ ಆ ಕಾಲರುಗಳು ಹೋಗುವ ಕಾರ್ಖಾನೆಯಲ್ಲೇ ಬಟ್ಟೆ ಕತ್ತರಿಸುವವನು. ಅಲ್ಲಿ ಯಾರ ಕೆಲಸವೆಂದು ತಿಳಿಯಲು ಒಬ್ಬೊಬ್ಬರ ಕಟ್ಟಿಗೆ ಒಂದೊಂದು ಬಣ್ಣದ ದಾರ. ಹೆಂಡತಿಯ ಕಾಲರುಗಳಿಗೂ ಅವನು ತನ್ನ ನೀಲಿ ದಾರವನ್ನೇ ಸುತ್ತಿ ಒಯ್ಯುತ್ತಿದ್ದ. ಕಾರ್ಖಾನೆಯ ಲೆಕ್ಕದಲ್ಲಿ ಅವೂ ಅವನ ಕೆಲಸವೇ.

ಬೆರಳು ಬಾತುಕೊಂಡಿತು. ಮಿಷನ್ ಮುಟ್ಟಿದರೆ ಬೆರಳೇ ಹೋದೀತು ಎಂದರು ಡಾಕ್ಟರು. ವಿಮಾ ಕಚೇರಿಯವರು ಗಂಡನ ಲೆಕ್ಕದಲ್ಲಿ ಔಷಧಿಗೇನೋ ಒಪ್ಪಿದರು. ರಜೆಯ ಭತ್ಯೆ ಮಾತ್ರ ಕೆಲಸಗಾರರಿಗಂತೆ, ಮನೆಯಲ್ಲಿರುವ ಹೆಂಗಸಿಗೆ ಎಲ್ಲಿಯ ರಜೆ ಎಂದರು. ಆ ಮಾತು ಅವಳನ್ನು ಸೂಜಿಗಿಂತ ಹೆಚ್ಚು ನೋಯಿಸಿತು.

"ಹೊಲಿಗೆ ನಿಮ್ಮಣ್ಣನ ಹೆಸರಲ್ಲಿದ್ರೇನು, ನನ್ನ ಹೆಸರಲ್ಲಿದ್ರೇನು, ಎರಡೂ ಒಂದೇ ಅಂದ್ಕೊಂಡಿದ್ದೆ," ಎಂದಳು ನಾದಿನಿಯ ಮುಂದೆ.

"ಒಂದೇ ಆಗಿದ್ರೆ ಸೂಜಿ ಅಣ್ಣನ ಬೆರಳಿಗೂ ಚುಚ್ಚಬೇಕಿತ್ತಲ್ಲ ಅತ್ತಿಗೆ?"

ನಾದಿನಿ ಹೊರದೇಶದಲ್ಲಿ ಮುದುಕರ ಆರೈಕೆಗಿದ್ದು ಬಂದವಳು. ಅಲ್ಲಿ ಹೆಂಗಸಿನ ದುಡಿಮೆ ಅವಳ ಹೆಸರಿಗೇ, ಮಕ್ಕಳನ್ನು ಸಾಕಿದ ವರ್ಷಗಳೂ ಪಿಂಚಣಿಗೆ ಸೇರುತ್ತವೆ ಎಂದು ಹೇಳಿದಳು. ಹಾಗಂತ ಅಲ್ಲೇನೂ ಹಾಲಿನ ಹೊಳೆ ಹರಿಯುತ್ತಿರಲಿಲ್ಲ. ನಾದಿನಿ ಅಲ್ಲಿ ಜ್ವರ ಬಂದು ಮಲಗಿ ಭತ್ಯೆ ಕೇಳಿದಾಗ, ನೀನು ಈ ದೇಶದ ಪ್ರಜೆಯಲ್ಲ ಎಂದು ಬರಿಗೈಯಲ್ಲಿ ಕಳಿಸಿದ್ದರು.

"ನಾನು ಅಲ್ಲಿ ಹೊರಗಿನವಳು, ಸರಿ. ನೀವು ನಿಮ್ಮ ದೇಶದಲ್ಲೇ ಯಾಕೆ ಹೊರಗಿನವರ ಥರ ಇರ್ತೀರಿ? ಮನೇಲಿ ಹೊಲಿಯೋರಿಗೂ ಇಲ್ಲಿ ವಿಮೆ ಇದೆ. ಕೆಲಸ ನಿಮ್ಮದು ಅಂತ ಕಾರ್ಖಾನೆ ಒಪ್ಪಬೇಕು ಅಷ್ಟೆ."

ಇದನ್ನು ಕೇಳಿ ಗಂಡ ಮುಖ ಊದಿಸಿಕೊಂಡ. ಒಂದೇ ಒಲೆಗೆ ಎರಡು ಹೆಸರು ಯಾಕೆ, ಬೆರಳು ವಾಸಿಯಾಗುವ ತನಕ ತಾನೇ ಹೊಲಿಯುತ್ತೇನೆ ಎಂದು ಮಿಷನ್ನಿಗೆ ಕೂತ. ಕಾಲರುಗಳ ಮೂತಿ ಸೊಟ್ಟಗಾಯಿತು. ಕಾರ್ಖಾನೆಯಲ್ಲಿ ಮೇಲ್ವಿಚಾರಕ ಕಟ್ಟನ್ನು ಬಿಚ್ಚಿ ಅವನ ಮುಂದೆಯೇ ಹರಡಿ, ಇಷ್ಟು ದಿನ ಚೆನ್ನಾಗಿದ್ದ ನಿನ್ನ ಕೈಗೆ ಈಗೇನಾಯಿತು ಎಂದು ಕೇಳಿದ. ಸುತ್ತ ನಿಂತವರೆಲ್ಲ ನೋಡುತ್ತಿದ್ದರು.

"ಅದು ನನ್ನ ಕೈ ಅಲ್ಲ ಸಾರ್. ನನ್ನ ಹೆಂಡ್ತೀದು. ಯಾವತ್ತೂ ಅವಳದೇ."

ಅದೇ ಮಾತನ್ನು ವಿಮಾ ಕಚೇರಿಗೂ ಬಂದು ಹೇಳಿದ. ಕಾರ್ಖಾನೆ ಒಪ್ಪಿತು, ಭತ್ಯೆ ಬಂತು, ಬೆರಳು ಉಳಿಯಿತು. ವಾಸಿಯಾದ ಮೇಲೆ ಕಾಲರಮ್ಮ ಮೊದಲ ಕಟ್ಟಿಗೆ ತನ್ನ ಹೆಸರಿಗೆ ಬಂದ ಕೆಂಪು ದಾರ ಸುತ್ತಿದಳು. ಗಂಡ ಅದನ್ನು ಹೊರಲು ಕೈ ಚಾಚಿದಾಗ ಬೇಡವೆಂದು ತಾನೇ ಹೊತ್ತು ನಡೆದಳು.

ಅಕ್ಕ, ತಂಗಿ, ನೀವು ಮನೆಯಲ್ಲಿ ಕೂತು ಮಾಡುವ ಕೆಲಸ ಯಾರ ಹೆಸರಲ್ಲಿ ಹೊರಗೆ ಹೋಗುತ್ತಿದೆ? ಸೂಜಿ ಚುಚ್ಚುವ ತನಕ ಕಾಯಬೇಡಿ. ಇವತ್ತೇ ಕೇಳಿ, ನಿಮ್ಮ ಕಟ್ಟಿಗೆ ನಿಮ್ಮದೇ ದಾರ ಸುತ್ತಿ.