ಗಿರಣಿ ವೇದಕ್ಕನ ನವೆಂಬರ್ ಒಂದು

“ಕತ್ತು ನೇರ ಮಾಡಿ. ಅವಳು ತಲೆ ಬಗ್ಗಿಸಿ ಕೂತವಳಲ್ಲ,” ಎಂದರು ಮಹಾಂತಮ್ಮ.

ಅವರ ಸೊಸೆಯ ದೇಹವನ್ನು ಜಗುಲಿಯ ಗೋಡೆಗೆ ಒರಗಿಸಿ ಕೂರಿಸುತ್ತಿದ್ದ ಹೆಂಗಸರಲ್ಲಿ ಒಬ್ಬಳು ಗಲ್ಲದ ಕೆಳಗೆ ಕೈಕೊಟ್ಟು ಮುಖ ಎತ್ತಿದಳು. ಇನ್ನೊಬ್ಬಳು ಹಣೆಯ ಸುತ್ತ ಬಿಳಿ ಬಟ್ಟೆ ತಂದು ಹಿಂದಿನ ಹಲಗೆಗೆ ಬಿಗಿದಳು. ವೇದಾವತಿ ಈಗ ಎದುರಿನ ರಸ್ತೆ ನೋಡುತ್ತಿರುವವಳಂತೆ ಕೂತಳು. ಹಣೆತುಂಬ ವಿಭೂತಿ, ಮಡಿಲಲ್ಲಿ ಬಿಲ್ವಪತ್ರೆ, ಮೈಮೇಲೆ ಇವತ್ತು ಸಂಜೆಗೆಂದು ಇಸ್ತ್ರಿ ಮಾಡಿಸಿಟ್ಟಿದ್ದ ಹಸಿರು ಸೀರೆ. ನಿನ್ನೆ ಮಧ್ಯಾಹ್ನ ಉಸಿರಿಗೆ ತೊಂದರೆಯಾಗಿ ಆಸ್ಪತ್ರೆಗೆ ಹೋದವಳು ಸಂಜೆಗೆ ಹೀಗೆ ಮನೆಗೆ ಬಂದಿದ್ದಳು. ಐವತ್ತು ತುಂಬಿರಲಿಲ್ಲ.

ವಿದ್ಯಾನಗರದ ಆ ಮನೆಗೆ ಅಂಟಿಕೊಂಡೇ ಹಿಟ್ಟಿನ ಗಿರಣಿ. ಅದರ ಶಟರ್ ಎಳೆದಿತ್ತು. ಸುದ್ದಿ ತಿಳಿಯದೆ ರಾಗಿ ಡಬ್ಬ ಹಿಡಿದು ಬಂದ ಹೆಂಗಸೊಬ್ಬಳು ಜನರನ್ನು ಕಂಡು ಡಬ್ಬವನ್ನು ಗೇಟಿನ ಹೊರಗೇ ಇಟ್ಟು, ಸೆರಗು ಹೊದ್ದು ಒಳಗೆ ಬಂದಳು. ಪಕ್ಕದ ಬೀದಿಯ ಶಾಲೆಯಲ್ಲಿ ಬಾವುಟ ಏರಿಸುತ್ತಿದ್ದರು. ರಾಜ್ಯೋತ್ಸವ. ಮೈಕಿನಲ್ಲಿ ಮಕ್ಕಳು ಹಾಡುತ್ತಿದ್ದರು.

“ಮೈಕ್ ಆಫ್ ಮಾಡಿ ಅಂತ ಹೇಳಿ ಬರ್ಲಾ?” ಎಂದು ನೆರೆಯವರೊಬ್ಬರು ಕೇಳಿದರು.

ವೇದಾವತಿಯ ಗಂಡ ಶಿವಯೋಗಿ ಮೆಟ್ಟಿಲ ಮೇಲೆ ಕೂತಿದ್ದವನು ತಲೆ ಎತ್ತಿದ. “ಬೇಡ. ಹಾಡ್ಲಿ ಬಿಡಿ,” ಎಂದ.

ಸಂಜೆ ವೇದಾವತಿಯನ್ನು ಕರೆದೊಯ್ಯಲು ಬರಬೇಕಿದ್ದ ಟೆಂಪೋ ಬೆಳಿಗ್ಗೆಯೇ ಭದ್ರಾವತಿಯಿಂದ ಬಂತು. ಮೊದಲು ಇಳಿದವರು ಮೆಹಬೂಬ್ ಸಾಬ್. ಮೋಟಾರ್ ರಿಪೇರಿ ಅವರ ಕಸುಬು. ಹೊಸಸಂಜೆ ಎಂಬ ಆರ್ಕೆಸ್ಟ್ರಾ ನಡೆಸುವುದು ಅವರ ಹುಚ್ಚು. ಅವರ ಹಿಂದೆ ಮೈಕ್‌ಸೆಟ್ಟಿನ ಚೌಡಪ್ಪ, ಕೀಬೋರ್ಡ್, ತಬಲಾ, ಡ್ರಮ್ಸ್ ನುಡಿಸುವವರು, ಕೊನೆಗೆ ವೇದಾವತಿಯ ಜೊತೆ ಹಾಡುವ ಹುಡುಗಿ, ಕಣ್ಣು ಕೆಂಪಗಾಗಿದ್ದ ತನುಜಾ. ಸಾಬರು ಚಪ್ಪಲಿ ಬಿಟ್ಟು, ಮಲ್ಲಿಗೆ ಹಾರವನ್ನು ವೇದಾವತಿಯ ಪಾದದ ಬಳಿ ಇಟ್ಟರು. ಆಮೇಲೆ ಮಹಾಂತಮ್ಮನ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತರು.

“ಅಮ್ಮ, ಸಂಜೆ ಪ್ರೋಗ್ರಾಂ ಕ್ಯಾನ್ಸಲ್ ಮಾಡಿದೀವಿ. ಕಮಿಟಿಯವ್ರಿಗೆ ಹೇಳಿ ಬಂದೆ.”

“ಯಾರನ್ನ ಕೇಳಿ ಮಾಡಿದ್ರಿ ಸಾಬ್ರೆ?”

ಮೆಹಬೂಬ್ ಸಾಬ್ ತಿರುಗಿ ವೇದಾವತಿಯ ಮುಖ ನೋಡಿದರು.

“ಅವಳಿಗೆ ವರ್ಷದಲ್ಲಿ ಇದ್ದಿದ್ದೇ ಒಂದು ದಿನ,” ಎಂದರು ಮಹಾಂತಮ್ಮ. “ಅದನ್ನೂ ಮುಚ್ಚಿಬಿಟ್ರಾ?”

*

ವೇದಾವತಿ ಹಾಡುತ್ತಾಳೆಂಬುದು ಮದುವೆಯಾಗಿ ಬಹಳ ವರ್ಷ ಯಾರಿಗೂ ತಿಳಿದಿರಲಿಲ್ಲ. ಗಿರಣಿ ನಡೆಯುವಾಗ ಅವಳ ತುಟಿ ಅಲ್ಲಾಡುವುದನ್ನು ಶಿವಯೋಗಿ ಕಂಡಿದ್ದ. ಪಂಚಾಕ್ಷರಿ ಹೇಳಿಕೊಳ್ಳುತ್ತಾಳೆ ಅಂದುಕೊಂಡು ಒಳಗೊಳಗೇ ಗೌರವಪಟ್ಟಿದ್ದ. ಅವಳು ಹಾಡುತ್ತಿದ್ದದ್ದು ರೇಡಿಯೋದಲ್ಲಿ ಕೇಳಿ ಕಲಿತ ಸಿನಿಮಾ ಹಾಡುಗಳನ್ನು. ಮೋಟಾರಿನ ಒಂದೇ ಸಮನಾದ ಗುಂಯ್ ಸದ್ದು ಅವಳಿಗೆ ಶ್ರುತಿ. ಅದರ ಮೇಲೆ ಎಷ್ಟು ಗಟ್ಟಿಯಾಗಿ ಹಾಡಿದರೂ ಯಾರಿಗೂ ಕೇಳುತ್ತಿರಲಿಲ್ಲ. ಮನೆತುಂಬ ಜನರಿದ್ದ ಆ ಮನೆಯಲ್ಲಿ ಅವಳು ಒಬ್ಬಳೇ ಇರುತ್ತಿದ್ದ ಜಾಗ ಅದೊಂದೇ.

ತೊಂಬತ್ತೊಂದರಲ್ಲಿ ಮೋಟಾರು ಕೆಟ್ಟ ಸದ್ದು ಮಾಡತೊಡಗಿತು. ನೋಡಲು ಬಂದ ಮೆಹಬೂಬ್ ಸಾಬ್ ಮೂಲೆಯಲ್ಲಿ ಕೂತು ಕಿವಿಗೊಟ್ಟು ಕೇಳುತ್ತಿದ್ದವರು, ಯಾರಿಗೂ ಹೇಳದೆ ತಟ್ಟನೆ ಮೇನ್ ಸ್ವಿಚ್ ಇಳಿಸಿದರು. ಕಲ್ಲು ತಿರುಗಿ ತಿರುಗಿ ನಿಂತಿತು. ಹಾಡು ನಿಲ್ಲಲಿಲ್ಲ. ಹಿಟ್ಟು ಬಾಚುತ್ತ ಕಣ್ಣು ಮುಚ್ಚಿ ಹಾಡುತ್ತಿದ್ದ ವೇದಾವತಿಗೆ ತನ್ನ ದನಿ ತನಗೇ ಕೇಳಿ ಗಾಬರಿಯಾಯಿತು. ಬಾಯಿಗೆ ಕೈ ಮುಚ್ಚಿಕೊಂಡಳು. ಮುಖದ ಮೇಲೆ ಬಿಳಿ ಬೆರಳಚ್ಚು ಮೂಡಿತು. ಡಬ್ಬ ಹಿಡಿದು ನಿಂತಿದ್ದ ಹೆಂಗಸರೆಲ್ಲ ತಿರುಗಿ ನೋಡುತ್ತಿದ್ದರು.

“ಮೋಟಾರು ಆಮೇಲೆ ನೋಡೋಣ,” ಎಂದರು ಮೆಹಬೂಬ್ ಸಾಬ್. “ಅಕ್ಕ, ಅದನ್ನ ಪೂರ್ತಿ ಹಾಡಿ ಮುಗಿಸಿ.”

ಆ ವರ್ಷ ಹೊಸಸಂಜೆಯ ಹಾಡುಗಾರ್ತಿ ಮದುವೆಯಾಗಿ ಬೇರೆ ಊರಿಗೆ ಹೋಗಿದ್ದಳು. ರಾಜ್ಯೋತ್ಸವಕ್ಕೆ ಭದ್ರಾವತಿ ನ್ಯೂಟೌನಿನಲ್ಲಿ ಹಾಡಲು ವೇದಾವತಿ ಬರಬೇಕೆಂದು ಸಾಬರು ಮನೆಗೇ ಬಂದು ಕೇಳಿದರು. ಮಾವ ಹಾಲಸ್ವಾಮಿ ಆಗ ಬದುಕಿದ್ದರು. ಸಾಬರಿಗೆ ಕಾಫಿ ಕೊಟ್ಟು ಮರ್ಯಾದೆಯಿಂದ ಕಳಿಸಿದ ಮೇಲೆ, ಬಾಗಿಲು ಹಾಕಿ ಕೇಳಿದರು:

“ಈ ಮನೆ ಸೊಸೆ ಸ್ಟೇಜ್ ಹತ್ತಿ ಕುಣಿಯೋದಾ?”

“ಕುಣಿಯೋದಲ್ಲ ಮಾವ. ನಿಂತ್ಕೊಂಡು ಹಾಡೋದು,” ಎಂದಳು ವೇದಾವತಿ. ಅವಳು ಮಾವನಿಗೆ ಎದುರು ಮಾತಾಡಿದ್ದು ಅದೇ ಮೊದಲು.

ಒಲೆಯ ಮುಂದಿದ್ದ ಮಹಾಂತಮ್ಮ ಎದ್ದು ಬಂದರು. “ನಾನು ಜೊತೆಗೆ ಹೋಗ್ತೀನಿ. ಎದುರಿಗೇ ಕೂತಿರ್ತೀನಿ. ಕುಣಿದ್ರೆ ಜುಟ್ಟು ಹಿಡಿದು ಎಳ್ಕೊಂಡು ಬರ್ತೀನಿ.”

ಹಾಲಸ್ವಾಮಿ ಹಾಕಿದ ಬಾಗಿಲನ್ನು ಮತ್ತೆ ತೆರೆದು, “ವರ್ಷಕ್ಕೆ ಒಂದು ದಿನ. ಅದೂ ನಾಡಹಬ್ಬ ಅಂತ,” ಎಂದರು.

ಆ ಸಂಜೆ ವೇದಾವತಿ ಮೊದಲ ಸಾಲು ಹಾಡಿದ್ದಕ್ಕೆ ಸ್ಪೀಕರ್ ಕಿರುಚಿಕೊಂಡಿತು. ಜನ ನಕ್ಕರು. ಚೌಡಪ್ಪ ಓಡಿ ಬಂದು, “ಅಕ್ಕ, ಇಲ್ಲಿ ಗಿರಣಿ ಇಲ್ಲ, ಮೆಲ್ಲಗೆ ಹಾಡಿದ್ರೂ ಕೇಳ್ಸುತ್ತೆ,” ಎಂದ. ಅವಳಿಗೂ ನಗು ಬಂತು. ನಗುತ್ತಲೇ ಮತ್ತೆ ಶುರು ಮಾಡಿದಳು. ಶಿಫ್ಟ್ ಮುಗಿಸಿ ಮನೆಗೆ ಹೊರಟಿದ್ದ ಕಾರ್ಖಾನೆಯವರು ಸೈಕಲ್ಲಿನಿಂದ ಒಂದು ಕಾಲು ನೆಲಕ್ಕೆ ಊರಿ ನಿಂತರು. ಆಮೇಲೆ ಸ್ಟ್ಯಾಂಡ್ ಹಾಕಿ ಕೂತರು. ಮನೆಗೆ ಬಂದ ಮೇಲೆ ಹಾಲಸ್ವಾಮಿ ಹೆಂಡತಿಯನ್ನು ಕೇಳಿದರು, “ಕುಣಿದಳಾ?”

“ಇಲ್ಲ,” ಎಂದರು ಮಹಾಂತಮ್ಮ. “ನನಗೇ ಕುಣಿಯೋ ಹಂಗಾಗಿತ್ತು.”

*

ಅಂತ್ಯಕ್ರಿಯೆ ಮಾಡಿಸುವ ಅಯ್ಯನವರು ಬಂದರು. ಭಜನೆಯವರು ತಾಳ ಹಿಡಿದು ಒಂದು ಪಕ್ಕ ಕೂತರು. ಅಂಗಳದಲ್ಲಿ ವೇದಾವತಿಯನ್ನು ಕೂರಿಸಿ ಹೊತ್ತೊಯ್ಯಲು ಬಿದಿರು, ಬಾಳೆದಿಂಡಿನ ವಿಮಾನ ಸಿದ್ಧವಾಗುತ್ತಿತ್ತು. ಮಹಾಂತಮ್ಮನ ತಂಗಿಯ ಮಗ ಚಂದ್ರಶೇಖರಪ್ಪ, ಮನೆತನದ ಹಿರಿಯನಂತೆ ಎಲ್ಲವನ್ನೂ ನಿಂತು ಮಾಡಿಸುತ್ತಿದ್ದವರು, ದೊಡ್ಡಮ್ಮನ ಹತ್ತಿರ ಬಂದು ಬಗ್ಗಿದರು.

“ದೊಡ್ಡಮ್ಮ, ಪ್ರೋಗ್ರಾಂ ಮಾಡಿ ಅಂತ ಅವ್ರಿಗೆ ಹೇಳ್ತಿದೀರಂತೆ. ಇಲ್ಲಿ ಮಣ್ಣು ಕೊಟ್ಟು ಕೈ ತೊಳ್ಕೊಂಡಿರಲ್ಲ, ಅಲ್ಲಿ ಸಿನಿಮಾ ಹಾಡು. ಜನ ಏನಂತಾರೆ?”

“ನಾನೂ ಹೋಗ್ತೀನಿ.”

ಚಂದ್ರಶೇಖರಪ್ಪನವರಿಗೆ ಕಿವಿ ಸರಿಯಾಗಿ ಕೇಳಿತೋ ಇಲ್ಲವೋ ಎನಿಸಿತು. “ಇವತ್ತೇ? ಒಂದಿಷ್ಟಾದ್ರೂ ಸೂತಕ ಅಂತ...”

“ನಮ್ಮಲ್ಲಿ ಸೂತಕ ಇಲ್ಲ ಅಂತ ಮಠದಲ್ಲಿ ಭಾಷಣ ಮಾಡೋನು ನೀನೇ ಅಲ್ವೇನೋ? ಲಿಂಗ ಕಟ್ಕೊಂಡೋರಿಗೆ ಎಂಥ ಸೂತಕ ಅಂತ ಹೋದ ತಿಂಗಳೂ ಹೇಳಿದೀಯ. ನಾನು ಮುಂದೆ ಕೂತು ಕೇಳಿದೀನಿ.”

ಅಯ್ಯನವರು ವಿಭೂತಿ ಗಟ್ಟಿ ಹಿಡಿದಿದ್ದವರು ತಲೆ ಎತ್ತದೆಯೇ, “ಅಮ್ಮ ಹೇಳೋದು ಸರಿ ಇದೆ,” ಎಂದರು. ಚಂದ್ರಶೇಖರಪ್ಪ ಬಾಳೆದಿಂಡು ಕಟ್ಟುವವರ ಕಡೆಗೆ ನಡೆದರು.

ಅಷ್ಟು ಹೊತ್ತಿಗೆ ಹೊರಗಿನ ನೆರಳಿನಲ್ಲಿ ಚೌಡಪ್ಪನ ಸುತ್ತ ನಾಲ್ಕಾರು ಗಂಡಸರು ಸೇರಿದ್ದರು. ಒಬ್ಬರು, “ಇಬ್ಬರ ಹಾಡು ಒಬ್ಬಳೇ ಹಾಡಿದ್ದಳಂತೆ, ಹೌದಾ ಮಾರಾಯ?” ಎಂದು ಕೇಳಿದರು.

“ಹಾಡಿದ್ದೂ ಹೌದು, ನಾನು ಮೈಕ್ ಕೊಟ್ಟಿದ್ದೂ ಹೌದು,” ಎಂದ ಚೌಡಪ್ಪ.

*

ತೊಂಬತ್ತಾರರ ನವೆಂಬರ್ ಒಂದರಂದು ಹೊಸಸಂಜೆಯ ಗಂಡು ಹಾಡುಗಾರ ಬರಲೇ ಇಲ್ಲ. ಹೆಚ್ಚು ಕೊಡುತ್ತೇವೆಂದ ಬೇರೆ ಆರ್ಕೆಸ್ಟ್ರಾದ ಜೊತೆ ಅವನು ಅವತ್ತೇ ದಾವಣಗೆರೆಗೆ ಹೋಗಿದ್ದ. ಮೈದಾನ ತುಂಬಿತ್ತು. ಹಾಡಬೇಕಾದದ್ದರಲ್ಲಿ ಮುಕ್ಕಾಲು ಪಾಲು ಯುಗಳಗೀತೆಗಳು. ವೇದಿಕೆಯ ಹಿಂದೆ ಮೆಹಬೂಬ್ ಸಾಬ್ ತಲೆಯ ಮೇಲೆ ಕೈಹೊತ್ತು ಟ್ರಂಕಿನ ಮೇಲೆ ಕೂತುಬಿಟ್ಟರು.

“ನಾನೇ ಹಾಡ್ತೀನಿ,” ಎಂದಳು ವೇದಾವತಿ.

“ಡ್ಯುಯೆಟ್ ಅಲ್ವಾ ಅಕ್ಕ?”

“ಗಿರಣಿಯಲ್ಲಿ ಎರಡೂ ಭಾಗ ನಾನೇ ಹಾಡೋದು. ಅಲ್ಲಿ ಇನ್ಯಾರಿದಾರೆ?”

ಸಾಬರಿಗೆ ನಂಬಿಕೆ ಬರಲಿಲ್ಲ. ಬೇರೆ ದಾರಿಯೂ ಇರಲಿಲ್ಲ. ಅವಳು ಎಡಕ್ಕೆ ಮುಖ ತಿರುಗಿಸಿ ಗಂಡಿನ ಸಾಲನ್ನು ಕೆಳಗಿನ ದನಿಯಲ್ಲಿ ಎತ್ತಿಕೊಂಡಾಗ ಜನ ಹೋ ಎಂದು ನಕ್ಕರು. ಯಾರೋ ಶಿಳ್ಳೆ ಹೊಡೆದರು. ಅವಳು ಅವರನ್ನು ನೋಡಲಿಲ್ಲ. ಸಾಲು ಮುಗಿಸಿ, ಬಲಕ್ಕೆ ತಿರುಗಿ, ತನ್ನ ದನಿಯಲ್ಲಿ ತನಗೇ ಉತ್ತರ ಕೊಟ್ಟಳು. ಕೇಳಿದವನೊಬ್ಬ, ಉತ್ತರಿಸಿದವಳೊಬ್ಬಳು, ನಿಜಕ್ಕೂ ಇಬ್ಬರು ಅಲ್ಲಿ ನಿಂತಿರುವಂತಿತ್ತು. ಎರಡನೇ ಚರಣಕ್ಕೆ ಬರುವಷ್ಟರಲ್ಲಿ ನಗು ನಿಂತಿತ್ತು. ಫೌಂಡ್ರಿಯಲ್ಲಿ ಕೆಲಸ ಮಾಡುವ ತಮಿಳಿನ ಮುದುಕರೊಬ್ಬರು ಮುಂದಿನ ಸಾಲಿನಲ್ಲಿ ಮಹಾಂತಮ್ಮನ ಪಕ್ಕ ಕೂತಿದ್ದವರು, “ಯಾರಮ್ಮ ಅದು, ನಿಮ್ಮ ಹುಡುಗೀನಾ?” ಎಂದು ಕೇಳಿದರು.

“ಹೌದು, ನನ್ನ ಹುಡುಗಿ,” ಎಂದರು ಮಹಾಂತಮ್ಮ.

ಮರುದಿನದಿಂದ ಎಷ್ಟೋ ಕಡೆಯಿಂದ ಕರೆ ಬಂತು. ಮದುವೆಗೆ ಬನ್ನಿ, ಗಣಪತಿ ಪೆಂಡಾಲಿಗೆ ಬನ್ನಿ. ಅಷ್ಟರಲ್ಲಿ ಹಾಲಸ್ವಾಮಿ ತೀರಿಕೊಂಡಿದ್ದರು. ಮನೆಯಲ್ಲಿ ತಡೆಯುವವರು ಯಾರೂ ಇರಲಿಲ್ಲ. ಮಹಾಂತಮ್ಮನೇ, “ಹೋಗೇ ಮಾರಾಯ್ತಿ, ನಾನಿದೀನಲ್ಲ,” ಎಂದರು.

“ಮಾವನಿಗೆ ಒಂದು ದಿನ ಅಂತ ಒಪ್ಪಿದೀನಿ ಅತ್ತೆ. ಅವರಿಲ್ಲ ಅಂತ ಮಾತು ಮುರಿಯೋದು ಚೆನ್ನಾಗಿರಲ್ಲ,” ಎಂದು ವೇದಾವತಿ ಗೋಧಿ ಚೀಲ ಬಿಚ್ಚಿದಳು. “ಅಲ್ದೆ ಒಂದೇ ದಿನ ಅಂದ್ರೆ ಅದಕ್ಕೆ ಅಂತ ಪೂರ್ತಿ ಇಟ್ಕೋಬಹುದು.”

*

ಮೂರು ಗಂಟೆಗೆ ಮುಂಚೆ ಎಲ್ಲ ಮುಗಿಯಿತು. ವಿಮಾನಕ್ಕೆ ಶಿವಯೋಗಿಯ ಹಿಂದೆ ಮೆಹಬೂಬ್ ಸಾಬ್ ಹೆಗಲು ಕೊಟ್ಟಿದ್ದರು. ಯಾರೂ ಏನೂ ಅನ್ನಲಿಲ್ಲ. ಗುಂಡಿಯಲ್ಲಿ ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಅಯ್ಯನವರು ಮಂತ್ರ ಹೇಳಿದರು. ವಿಭೂತಿ, ಪತ್ರೆ, ಆಮೇಲೆ ಮಣ್ಣು. ಮಹಾಂತಮ್ಮ ಹಿಡಿ ಮಣ್ಣು ಹಾಕಿ, “ನನ್ನನ್ನ ಕಳಿಸಿ ಕೊಡಬೇಕಾದೋಳು ನೀನು,” ಎಂದಷ್ಟೇ ಹೇಳಿದರು. ಆಗ ಮಾತ್ರ ಅವರ ದನಿ ಒಡೆಯಿತು. ಶಿವಯೋಗಿ ಅವರ ತೋಳು ಹಿಡಿದುಕೊಂಡ.

ಮನೆಗೆ ಬಂದಾಗ ತನುಜಾ ಗಿರಣಿಯ ಕಟ್ಟೆಯ ಮೇಲೆ ಮುದುಡಿ ಕೂತಿದ್ದಳು. ಭದ್ರಾವತಿಯ ಕಾಲೇಜಿನಲ್ಲಿ ಓದುವ ಹುಡುಗಿ. ಎರಡು ವರ್ಷದ ಹಿಂದೆ, ಹಿಟ್ಟಿನ ಧೂಳು ವೇದಾವತಿಯ ಎದೆಗೆ ಇಳಿದು ಉದ್ದದ ಸಾಲುಗಳಿಗೆ ಉಸಿರು ಸಾಲದಾದಾಗ, ಅವಳೇ ಈ ಹುಡುಗಿಯನ್ನು ಹುಡುಕಿ ತಂದಿದ್ದಳು. ಗಿರಣಿ ಬಿಡಿ ಎಂದು ಡಾಕ್ಟರು ಹೇಳಿದ್ದರು. ಶಿವಯೋಗಿ ಆಳು ಇಟ್ಟು ಅವಳನ್ನು ಒಳಗೆ ಬಿಡಲಿಲ್ಲ. ಆಗಲೇ ತಡವಾಗಿತ್ತು. ವೇದಿಕೆಯಲ್ಲಿ ತನುಜಾ ಅವಳ ಹಿಂದೆ ಮಬ್ಬಿನಲ್ಲಿ ಇನ್ನೊಂದು ಮೈಕ್ ಹಿಡಿದು ನಿಲ್ಲುತ್ತಿದ್ದಳು. ವೇದಾವತಿಯ ಉಸಿರು ಎಲ್ಲಿ ಮುಗಿಯುತ್ತದೋ ಅಲ್ಲಿಂದ ಎತ್ತಿಕೊಂಡು ದಡ ಮುಟ್ಟಿಸುತ್ತಿದ್ದಳು. ಕೂತು ಕೇಳುವವರಿಗೆ ಗೊತ್ತೇ ಆಗುತ್ತಿರಲಿಲ್ಲ. ಆದರೆ ಪ್ರತಿ ಸಲವೂ ಕೊನೆಯಲ್ಲಿ ವೇದಾವತಿ ಅವಳ ಕೈ ಹಿಡಿದು ಬೆಳಕಿಗೆ ಎಳೆದು, “ಚಪ್ಪಾಳೆ ಇವಳಿಗೂ ಹೊಡೀರಿ,” ಎನ್ನುತ್ತಿದ್ದಳು.

“ನನ್ನ ಕೈಲಿ ಆಗಲ್ಲ ಅಜ್ಜಿ,” ಎಂದಳು ತನುಜಾ. “ನಾನು ಯಾವತ್ತೂ ಶುರು ಮಾಡಿದೋಳೇ ಅಲ್ಲ. ಬರೀ ಕೊನೆ ಹಾಡ್ತಿದ್ದೆ.”

ಮಹಾಂತಮ್ಮ ಮೊಣಕಾಲು ಹಿಡಿದುಕೊಂಡು ಅವಳ ಪಕ್ಕ ಕೂತರು.

“ಅವಳು ಶುರು ಮಾಡೋದನ್ನ ಹಿಂದೆ ನಿಂತು ನೋಡಿದೀಯ ತಾನೆ?”

“ನೋಡಿದೀನಿ.”

“ಮತ್ತೆ ಹಂಗೇ ಶುರು ಮಾಡು. ಕೊನೆ ಹೆಂಗೂ ನಿನಗೆ ಬರುತ್ತೆ.”

ತನುಜಾ ಮುಖ ಒರೆಸಿಕೊಂಡಳು. ಒಪ್ಪಿದೆ ಎನ್ನಲಿಲ್ಲ, ಆದರೆ ಮೆಹಬೂಬ್ ಸಾಬ್ ಕಮಿಟಿಯವರಿಗೆ ಫೋನ್ ಮಾಡಲು ಒಳಗೆ ಹೋದಾಗ ತಡೆಯಲಿಲ್ಲ.

ಟೆಂಪೋ ಹೊರಡುವಾಗ ಶಿವಯೋಗಿ ಒದ್ದೆ ಪಂಚೆಯನ್ನು ಬದಲಿಸಿ ಬಂದು ಬಾಗಿಲ ಬಳಿ ನಿಂತ. ಹಬ್ಬದ ಸಮಯದಲ್ಲಿ ಬೀಸುವ ಕೆಲಸ ಹೆಚ್ಚು. ಪ್ರತಿ ವರ್ಷ ಈ ದಿನ ಅವನು ಗಿರಣಿಯಲ್ಲೇ ಉಳಿಯುತ್ತಿದ್ದ. ಹೆಂಡತಿಯನ್ನು ವೇದಿಕೆಯ ಮೇಲೆ ಒಮ್ಮೆಯೂ ಕಂಡವನಲ್ಲ.

“ನಾನೂ ಬರ್ತೀನಿ ಅವ್ವ,” ಎಂದ. “ಹೆಂಗೂ ಮಿಲ್ ಮುಚ್ಚಿದೆ.”

ನ್ಯೂಟೌನಿನ ಮೈದಾನದಲ್ಲಿ ದೀಪ ಹತ್ತುವ ಹೊತ್ತಿಗೆ ಜನ ಸೇರಿದ್ದರು. ಸುದ್ದಿ ಎಲ್ಲರಿಗೂ ಗೊತ್ತಾಗಿತ್ತು; ಮಕ್ಕಳೂ ಗಲಾಟೆ ಮಾಡುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ತಾಯಿ ಮಗ ಕೂತರು. ಮೆಹಬೂಬ್ ಸಾಬ್ ನಾಲ್ಕು ಮಾತು ಆಡಲು ಬಂದವರು, ವೇದಾವತಿ ಎಂಬ ಹೆಸರೊಂದನ್ನೇ ಹೇಳಿ ವಾದ್ಯದವರ ಕಡೆಗೆ ಕೈ ತೋರಿಸಿದರು.

ತನುಜಾ ಬೆಳಕಿಗೆ ಬಂದಳು. ಚೌಡಪ್ಪ ರೂಢಿಯಂತೆ ವೇದಾವತಿಯ ಎತ್ತರಕ್ಕೇ ಮೈಕಿನ ಸ್ಟ್ಯಾಂಡ್ ನಿಲ್ಲಿಸಿದ್ದ. ಅದು ಹುಡುಗಿಯ ಹಣೆಗೆ ಬರುತ್ತಿತ್ತು. ತಪ್ಪಾಯಿತೆಂದು ಅವನು ಪಕ್ಕದಿಂದ ಓಡಿ ಬಂದು ತಿರುಪಿಗೆ ಕೈ ಹಾಕಿದ. ತನುಜಾ ಅವನ ಕೈ ಮೇಲೆ ಕೈಯಿಟ್ಟು, ಬೇಡವೆಂದು ತಲೆಯಾಡಿಸಿದಳು. ಕೀಬೋರ್ಡು ಮೊದಲ ಸ್ವರ ಹಿಡಿಯಿತು. ಅವಳು ಚಪ್ಪಲಿ ಬಿಟ್ಟು, ಮುಖ ಮೇಲೆತ್ತಿ, ಎರಡೂ ಹಿಮ್ಮಡಿಗಳನ್ನು ನೆಲದಿಂದ ಎತ್ತಿದಳು.