ನೀರಿಗೊಂದು ಕಡೆ

ಕಾರೇ ಇಲ್ಲದ ಮನೆಗೆ ಕಾರು ಷೆಡ್ಡು ಯಾತಕ್ಕೆ ಎಂದು ಅದನ್ನು ಕೋಣೆ ಮಾಡಿದವನು ಮನೆಯ ಯಜಮಾನ. ಅಂಗಡಿಗಳ ತಕ್ಕಡಿ ರಿಪೇರಿ ಅವನ ಕಸುಬು. ಬೀದಿಯವರು ಅವನನ್ನು ಕರೆಯುತ್ತಿದ್ದುದೂ ತಕ್ಕಡಿ ಎಂದೇ. ಮುಳ್ಳು ಕೂದಲೆಳೆಯಷ್ಟು ಆಚೀಚೆ ಆದರೂ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಷೆಡ್ಡಿನ ಹಳೇ ತಗಡು ಕಿತ್ತು, ತೊಲೆ ಕೂರಿಸಿ, ಹಲಗೆ ಹೊಡೆದು, ಮೇಲೆ ಡಾಂಬರು ಹಾಳೆ ಅಂಟಿಸಿದ್ದೆಲ್ಲ ಅವನ ಕೈಯಿಂದಲೇ. ಮುಗಿದ ದಿನ ಮೇಲೆ ಹತ್ತಿ, ನಡುವೆ ಒಂದು ಗೋಲಿ ಇಟ್ಟು, "ಬಾರೇ, ಇದು ಅಲ್ಲಾಡಿದ್ರೆ ನನ್ನ ಮೀಸೆ ಬೋಳಿಸು" ಎಂದು ಹೆಂಡತಿಯನ್ನು ಕೂಗಿದ್ದ. ಗೋಲಿ ಅಲ್ಲಾಡಲಿಲ್ಲ. ಮೀಸೆ ಉಳಿಯಿತು. ಆ ಕೋಣೆಗೆ ತನ್ನ ತಂದೆಯನ್ನು ಕರೆತಂದು ಇರಿಸಿಕೊಂಡ.

ಗೋಲಿ ಅಲ್ಲಾಡದ ಕಡೆ ಮಳೆನೀರೂ ಅಲ್ಲಾಡುವುದಿಲ್ಲವೆಂಬುದು ಮೊದಲ ಮಳೆಗೇ ತಿಳಿಯಿತು. ಸೂರಿನ ಮೇಲೊಂದು ಪುಟ್ಟ ಕೆರೆ ನಿಂತಿತು. ಕಾಗೆಗಳು ಬಂದು ಮೀಯತೊಡಗಿದವು. "ಇರ್ಲಿ ಬಿಡು, ಹಕ್ಕಿಗಳಿಗೆ ನೀರಿಟ್ಟ ಪುಣ್ಯ" ಎಂದು ಅವನೇ ನಗುತ್ತಿದ್ದ. ಹಾಗೆ ನಗುತ್ತಿದ್ದವನು ಒಂದು ದಿನ ಯಾರದೋ ಅಂಗಡಿಯಲ್ಲಿ ತಕ್ಕಡಿಯ ಮುಂದೆ ಬಗ್ಗಿದವನು ಮತ್ತೆ ಏಳಲಿಲ್ಲ. ಯಾರನ್ನು ಯಾವಾಗ ಕರೆಯಬೇಕೆಂಬುದು ಕರೆಯುವವನಿಗೆ ಗೊತ್ತು. ಯಾಕೆ ಎಂದು ಕೇಳಲು ನಾವು ಯಾರು?

ಹೆಂಡತಿ ಅಳಲಿಲ್ಲ. ನೋಡಲು ಬಂದವರು "ಒಂದು ಹನಿಯಾದ್ರೂ ಬೇಡ್ವೇ, ಕಲ್ಲು ಕಣ್ರೀ ಕಲ್ಲು" ಎಂದು ಹೊಸ್ತಿಲು ದಾಟುವ ಮೊದಲೇ ಆಡಿಕೊಂಡರು. ಅವಳ ಕಿವಿಗೂ ಬಿತ್ತು. ಇರಬಹುದು ಎಂದುಕೊಂಡಳು. ಚಳಿಗೆ ಮರಗಟ್ಟಿದ ಬೆರಳನ್ನು ಕಚ್ಚಿ ನೋಡಿದರೆ ಅದು ಬೇರೆ ಯಾರದೋ ಬೆರಳೆನಿಸುವುದಿಲ್ಲವೇ? ಅವಳ ಬದುಕು ಹಾಗಾಗಿತ್ತು. ಹೊತ್ತಿಗೆ ಸರಿಯಾಗಿ ಚಹಾ ಮಾಡಿ ಮಾವನ ಕೋಣೆಗೆ ಒಯ್ಯುವಳು. ಸೋರುವ ಕಡೆ ಬಕೆಟ್ಟು ಇಡುವಳು, ತುಂಬಿದ ಮೇಲೆ ಚೆಲ್ಲುವಳು. ಯಾರು ಏನು ಕೇಳಿದರೂ "ಹೇಗಾದ್ರೂ ಸರಿ" ಎನ್ನುವಳು.

ಕೊನೆಗೆ ನೆನೆದುಬ್ಬಿದ ಹಲಗೆಯೊಂದು ಕಳಚಿ ಮಾವನ ಹಾಸಿಗೆಯ ಮೇಲೆ ಬಿತ್ತು. ದೇವರ ದಯೆ, ಆಗ ಅವರು ಸ್ನಾನಕ್ಕೆ ಹೋಗಿದ್ದರು. ಸುದ್ದಿ ಕೇಳಿ ನಾದಿನಿ ಓಡಿ ಬಂದಳು.

"ಅಪ್ಪ, ಸಾಕು, ನಡಿ ನಮ್ಮನೆಗೆ. ಸೂರು ಹೊಸದು ಮಾಡಿಸಿ ಕೋಣೆ ಬಾಡಿಗೆಗೆ ಕೊಡೋಣ. ಏನಂತೀರಿ ಅತ್ತಿಗೆ?"

"ಅವರಿಷ್ಟ."

"ನೀನೇನಂತೀಯಪ್ಪ?"

ಮುದುಕರು ಸೊಸೆಯ ಮುಖ ನೋಡಿದರು. "ಅವಳು ಇರು ಅಂದ್ರೆ ಇರ್ತೀನಿ."

ಅವಳು ಬಾಯಿ ತೆರೆದಳು. 'ಇರಿ' ಎಂಬುದು ಎರಡೇ ಅಕ್ಷರ. ಖಾಲಿ ಡಬ್ಬಿಗೆ ಕೈ ಹಾಕಿ ತಡಕಿದ ಹಾಗೆ ಒಳಗೆಲ್ಲ ತಡಕಿದರೂ ಅದು ಕೈಗೆ ಹತ್ತಲಿಲ್ಲ. ಇವರೂ ಹೋದರೆ ಈ ಮನೆಯಲ್ಲಿ 'ಯಾರದು?' ಎಂದು ಕೇಳಲೂ ಒಬ್ಬರಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅದೂ ಪಕ್ಕದ ಬೀದಿಯ ಸುದ್ದಿಯಂತೆ ಗೊತ್ತಿತ್ತು. ಬಾಯಿ ಮುಚ್ಚಿಕೊಂಡಳು. ಮಾವ ತಲೆ ತಗ್ಗಿಸಿ ಕಂಬಳಿ ಮಡಿಸತೊಡಗಿದರು. ಸೂರು ಬಿಚ್ಚುವ ದಿನವೇ ಹೊರಡುವುದೆಂದು ನಾದಿನಿ ಗೊತ್ತುಮಾಡಿದಳು.

ಆ ದಿನ ಬಂದ ಮೇಸ್ತ್ರಿಯ ಕೈಗಿಂತ ಬಾಯಿ ಚುರುಕು. ಏಣಿ ಹತ್ತಿ, ಹಾಳೆ ಸುಲಿದು, ಹಲಗೆ ಕಿತ್ತು ಕೆಳಗೆಸೆದು, ಬರಿಯ ತೊಲೆಗಳ ಮೇಲೆ ಗಾಳಿಗುಳ್ಳೆಯ ರಸಮಟ್ಟ ಇಟ್ಟು ಮಟ್ಟ ನೋಡಿದವನೇ ಕೂಗಿದ:

"ಅಬ್ಬಬ್ಬ! ಯಾವ ಪುಣ್ಯಾತ್ಮನ ಕೆಲಸ ಇದು? ಗುಳ್ಳೆ ನಟ್ಟನಡುವೆ ಕೂತಿದೆ, ಹೊಸ ಅಳಿಯ ಕೂತ ಹಾಗೆ!"

"ನನ್ನ ಮಗ," ಎಂದರು ಮಾವ ಕೆಳಗಿನಿಂದ, ಬಾಗಿದ ಬೆನ್ನು ನೆಟ್ಟಗೆ ಮಾಡಿಕೊಂಡು.

"ಹಂಗಾದ್ರೆ ಅವರೇ ಕೆಡಿಸಿದ್ದು ಯಜಮಾನ್ರೇ. ಮಟ್ಟಸ ಸೂರು ಅಂತ ಬಾಯಲ್ಲಿ ಹೇಳೋದಷ್ಟೆ. ಕಣ್ಣಿಗೆ ಕಾಣದಷ್ಟಾದ್ರೂ ವಾಟ ಇರ್ಬೇಕು. ಒಂದು ಕಡೆ ಇಳಿಜಾರು ಇಲ್ದಿದ್ರೆ ನೀರು ಪಾಪ ಎಲ್ಲಿಗೆ ಹೋಗುತ್ತೆ?"

"ಕೆಡಿಸಿದ ಅನ್ಬೇಡಪ್ಪ. ತಕ್ಕಡಿಯವನಿಗೆ ಒಂದು ಕಡೆ ವಾಲೋದು ಅಂದ್ರೆ ಮೋಸ. ಅವನು ಕಲಿತಿದ್ದು ಅದೊಂದೇ."

ಮೇಸ್ತ್ರಿ ರಸಮಟ್ಟ ಎತ್ತಿಕೊಂಡು ಏಣಿ ಇಳಿದ. ಅವಳು ಚಹಾದ ಲೋಟಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಈಗಲಾದರೂ ಎದೆಯಲ್ಲಿ ಏನಾದರೂ ಚುಚ್ಚೀತೇ ಎಂದು ಕಾದಳು. ಚುಚ್ಚಲಿಲ್ಲ. ತಲೆ ಎತ್ತಿದರೆ ತೊಲೆಗಳ ನಡುವೆ ಆಕಾಶ ಕಾಣುತ್ತಿತ್ತು. ಮಾವನ ಮಂಚ ಬಿಸಿಲಲ್ಲಿ ಬಿದ್ದಿತ್ತು. ಅವರ ಚೀಲ ಅಂಗಳಕ್ಕೆ ಬಂದಾಗಿತ್ತು.

ಮೇಸ್ತ್ರಿ ಚಹಾ ಕುಡಿದು, ಒಂದು ತುದಿ ದಪ್ಪ ಇನ್ನೊಂದು ತುದಿ ಸಪೂರವಾಗಿ ಸೀಳಿದ ಮರದ ಪಟ್ಟಿ ಎತ್ತಿಕೊಂಡ. "ಇದನ್ನ ತೊಲೆ ಮೇಲೆ ಹೊಡೆದ್ರೆ ವಾಟ ಬರುತ್ತೆ. ಯಾವ ಕಡೆಗೆ ಕೊಡ್ಲಮ್ಮ? ಮುಂದಕ್ಕೋ, ಹಿಂದಕ್ಕೋ?"

"ಹೇಗಾದ್ರೂ ಸರಿ."

"ಹೇಗಾದ್ರೂ ಅಂದ್ರೆ ಮತ್ತೆ ಕೆರೆನೇ ತಾಯಿ. ಒಂದು ಕಡೆ ಅಂತ ಹೇಳ್ಬೇಕು ನೀವು."

"ಮುಂದಕ್ಕೇ ಕೊಡಪ್ಪ," ಎಂದಳು ನಾದಿನಿ. "ಹಿಂದೆ ಮೋರಿ ಅಗೆಯೋದು ಯಾವ ಕರ್ಮಕ್ಕೆ?"

"ಆಗ್ಲಿ. ಆದ್ರೆ ನೀರು ಈ ಬಾಗಿಲ ಮುಂದೆನೇ ಸುರಿಯುತ್ತೆ. ಆಮೇಲೆ ನನ್ನ ಬೈಬೇಡಿ."

ಅವಳ ಕಣ್ಣು ಬಾಗಿಲ ಮುಂದಿನ ಸಿಮೆಂಟಿನ ಮೇಲೆ ಹೋಯಿತು. ಅಲ್ಲಿ ಕುರ್ಚಿಯ ಕಾಲು ಸವೆಸಿದ ಗುರುತುಗಳಿದ್ದವು. ಸ್ನಾನ ಮುಗಿಸಿ, ಎಳೆ ಬಿಸಿಲಿಗೆ ಬೆನ್ನು ಕೊಟ್ಟು, ಮಾವ ತುಟಿ ಅಲ್ಲಾಡಿಸುತ್ತ ದೇವರ ಹೆಸರು ಹೇಳುತ್ತಿದ್ದ ಜಾಗ ಅದು. ಮೇಸ್ತ್ರಿ ಮತ್ತೆ ಏಣಿ ಹತ್ತಿ, ಪಟ್ಟಿಯ ಸಪೂರ ತುದಿಯನ್ನು ಮುಂದಕ್ಕೆ ತಿರುಗಿಸಿ, ಮೊಳೆ ಬಾಯಲ್ಲಿ ಕಚ್ಚಿ, ಸುತ್ತಿಗೆ ಎತ್ತಿದ.

"ಹಿಂದಕ್ಕೆ," ಎಂದಳು ಅವಳು.

ಎಲ್ಲರೂ ತಿರುಗಿ ನೋಡಿದರು.

"ಹಿಂದಕ್ಕೆ ಕೊಡಿ. ಮೋರಿ ಅಗೆಸೋಣ. ಇಲ್ಲಿ ಮಾವ ಕೂತ್ಕೋತಾರೆ."

ಮುದುಕರು ಚೀಲದ ಪಕ್ಕದಲ್ಲಿ ನಿಂತಲ್ಲೇ ಮೆಲ್ಲಗೆ ಅಂದರು, "ನಾನು ಹೊರಟಿದೀನಲ್ಲಮ್ಮ."

"ಇರಿ ಮಾವ."

ದನಿಯಲ್ಲಿ ನಡುಕವಿರಲಿಲ್ಲ, ಅಕ್ಕರೆಯೂ ಇರಲಿಲ್ಲ. ಬಾಗಿಲು ಹಾಕಿಕೊಳ್ಳಿ ಎನ್ನುವಂತೆ ಅಂದಿದ್ದಳು. ಆದರೂ ಅಂದಿದ್ದಳು.

ನಾದಿನಿ ಸೊಂಟಕ್ಕೆ ಕೈ ಕೊಟ್ಟಳು. "ಇಷ್ಟು ಅನ್ನೋಕೆ ಸೂರೇ ಕಿತ್ತು ಹಾಕ್ಬೇಕಾಯ್ತಾ ಅತ್ತಿಗೆ? ಮೊನ್ನೆನೇ ಅಂದಿದ್ರೆ ನಾನು ನಮ್ಮನೇಲಿ ಅಪ್ಪನಿಗೆ ಅಂತ ಮಂಚ ಖಾಲಿ ಮಾಡ್ತಿರ್ಲಿಲ್ಲ!" ಬೈಯುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಳುವುದು ಅವಳಿಗೆ ಬರುತ್ತಿತ್ತು.

"ಹಿಂದಕ್ಕೆ ಅಂದ್ರೆ ಹಿಂದಕ್ಕೆ," ಎಂದು ಮೇಸ್ತ್ರಿ ಪಟ್ಟಿ ತಿರುಗಿಸಿ ಮೊಳೆ ಹೊಡೆದ.

ಸೊಸೆ ಚೀಲದ ಒಂದು ಹಿಡಿ ಎತ್ತಿದಳು. ಅದು ನೆಲ ಬಿಡಲಿಲ್ಲ. "ಏನೆಲ್ಲ ತುಂಬಿದೀರಿ ಮಾವ?"

"ಹೋಗೋನು ಎಲ್ಲ ತಗೊಂಡು ಹೋಗ್ಬೇಕಲ್ವೇನಮ್ಮ."

"ನಿಮ್ಮ ಮಗ ಏನೂ ತಗೊಂಡು ಹೋಗ್ಲಿಲ್ಲ."

ಅವನು ಹೋದ ಮೇಲೆ ಅವಳು ಅವನ ಮಾತೆತ್ತಿದ್ದು ಅದೇ ಮೊದಲು. ಮಾವ ಬಗ್ಗಿ ಇನ್ನೊಂದು ಹಿಡಿ ಹಿಡಿದರು. ಇಬ್ಬರೂ ಚೀಲವನ್ನು ನಡುವೆ ತೂಗಾಡಿಸುತ್ತ, ಹೆಜ್ಜೆ ಹೆಜ್ಜೆಗೂ ಅದು ಮೊಣಕಾಲಿಗೆ ಬಡಿಯುತ್ತಿರಲು, ಮನೆಯೊಳಕ್ಕೆ ಹೋದರು.