ಪೀಪಾಯಿಗೆ ಎಂಟು ತೊಲ

ಯುಗಾದಿಯಾದ ಮರುವಾರ ರಾಮಲಕ್ಷ್ಮಮ್ಮನ ಒಬ್ಬಳೇ ಮಗಳು ವಿಷಮಜ್ವರದಲ್ಲಿ ತೀರಿಕೊಂಡಳು. ಮಾವಿನ ಕಾಲ ಶುರುವಾಗುತ್ತಲೇ ರಾಮಲಕ್ಷ್ಮಮ್ಮ ಎಂದಿನಂತೆ ಶ್ರೀನಿವಾಸಪುರದ ಗುತ್ತಿಗೆದಾರ ಗಂಗುಲಪ್ಪನವರ ಶೆಡ್ಡಿಗೆ ಬಂದು ತಕ್ಕಡಿಯ ಮುಂದೆ ಕೂತಳು. ಯಾರಾದರೂ ಮಾತಾಡಿಸಿದರೆ ಉತ್ತರ ಕೊಡುತ್ತಿದ್ದಳು. ಊಟದ ಹೊತ್ತಾಯಿತೆಂದು ಹೇಳಿದರೆ ಉಣ್ಣುತ್ತಿದ್ದಳು.

ಎರಡನೇ ಮಹಾಯುದ್ಧದ ಕಾಲ. ಶೆಡ್ಡಿನಲ್ಲಿ ಮೂವತ್ತು ಹೆಂಗಸರು ಮಾವಿನ ರಸ ತೆಗೆದು ಪೀಪಾಯಿಗೆ ತುಂಬುತ್ತಿದ್ದರು. ಅದು ಬೆಂಗಳೂರಿಗೆ ಹೋಗಿ, ಜಾಮಾಗಿ, ಸಿಪಾಯಿಗಳಿಗೆ ಸೇರುತ್ತಿತ್ತು. ಅಲ್ಲಿಯವರೆಗೆ ರಸ ಬೂಷ್ಟು ಹಿಡಿಯದಂತೆ ಬೆಂಜೊಯೇಟ್ ಎಂಬ ಬಿಳಿ ಪುಡಿ ಬೆರೆಸಬೇಕಿತ್ತು. ಅದನ್ನು ತೂಗುವ ಕೆಲಸ ರಾಮಲಕ್ಷ್ಮಮ್ಮನದು. ಹಿಂದಿನ ವರ್ಷ ಬೆಂಗಳೂರಿನಿಂದ ಬಂದ ಕೆಮಿಸ್ಟು ಅವಳಿಗೆ ಎಲ್ಲ ಕಲಿಸಿದ್ದ. ಬಿಸಿನೀರಿನಲ್ಲಿ ಕರಗಿಸಿಯೇ ಹಾಕಬೇಕು. ಹುಳಿ ಇದ್ದರೆ ಮಾತ್ರ ಅದಕ್ಕೆ ಶಕ್ತಿ. ಹಣ್ಣು ತೀರಾ ಸಿಹಿಯಾದರೆ ನಿಂಬೆ ಹಿಂಡಬೇಕು. ಪೀಪಾಯಿಗೆ ಎಂಟು ತೊಲ, ಹೆಚ್ಚಾದರೆ ಗಂಟಲು ಉರಿಯುತ್ತದೆ.

"ಬೂಷ್ಟು ಬರದಂಗೆ ಕಾಯುತ್ತೆ ಅಷ್ಟೇ ಕಣಮ್ಮ. ಬಂದ ಮೇಲೆ ಹಾಕಿದ್ರೆ ಪ್ರಯೋಜನ ಇಲ್ಲ," ಅಂದಿದ್ದ.

ಆ ವರ್ಷ ರೈಲಿನಲ್ಲಿ ಬರಬೇಕಾದ ಪುಡಿ ಹತ್ತು ದಿನ ತಡವಾಯಿತು. ಹಣ್ಣು ಕಾಯುವುದಿಲ್ಲವಲ್ಲ, ರಸ ತೆಗೆದು ತುಂಬುತ್ತಲೇ ಹೋದರು. ಪುಡಿ ಬಂದ ದಿನ ಮುಚ್ಚಳ ತೆಗೆದರೆ ಒಂಬತ್ತು ಪೀಪಾಯಿಗಳ ಮೇಲೆ ಬೂದುಹಸಿರು ಬೂಷ್ಟು ಕಂಬಳಿಯ ಹಾಗೆ ಹರಡಿತ್ತು.

"ಮೇಲಿಂದು ತೆಗೆದು ಬಿಸಾಕಿ. ಎರಡರಷ್ಟು ಪುಡಿ ಹಾಕಮ್ಮ," ಅಂದರು ಗಂಗುಲಪ್ಪ.

"ಅಕ್ಕಾ, ಬ್ಯಾಡ ಅನ್ನು," ಎಂದು ಪಕ್ಕದಲ್ಲಿದ್ದ ಭಾರತಮ್ಮ ಪಿಸುಗುಟ್ಟಿದಳು.

ರಾಮಲಕ್ಷ್ಮಮ್ಮ ಹದಿನಾರು ತೊಲ ತೂಗಿದಳು. ತಪ್ಪೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರೂ ಅದು ಬೇರೆ ಯಾರದೋ ಮನೆಯ ಸುದ್ದಿಯಂತಿತ್ತು.

ಮೂರು ದಿನ ಬಿಟ್ಟು ದಂಡಿನ ಕಡೆಯಿಂದ ಸರಕು ನೋಡುವ ಸಾಹೇಬರು ಬಂದರು. ಒಂದು ಪೀಪಾಯಿ ತೆಗೆಸಿ, ತೊಟ್ಟು ರಸ ನಾಲಿಗೆಗಿಟ್ಟು, ಮುಖ ಕಿವುಚಿದರು.

"ಪುಡಿ ಎಷ್ಟು ಹಾಕಿದೀರಿ?"

"ಎಂಟೇ ಸ್ವಾಮಿ, ರೂಲಿನ ಪ್ರಕಾರ," ಅಂದರು ಗಂಗುಲಪ್ಪ.

ಸಾಹೇಬರು ತಕ್ಕಡಿಯ ಕಡೆ ತಿರುಗಿದರು. "ತೂಗಿದ್ದು ನೀನೇನಮ್ಮ?"

"ಹೂಂ ಸ್ವಾಮಿ. ಹದಿನಾರು. ಬೂಷ್ಟು ಬಂದಿತ್ತು, ತೆಗೆದು ಹಾಕಿದ್ವಿ."

ಧೈರ್ಯ ಮಾಡಿ ಹೇಳಿದ್ದಲ್ಲ. ಸುಳ್ಳು ಹೇಳಬೇಕಾದರೆ ಏನಾದರೊಂದು ಯೋಚಿಸಬೇಕು. ಅಷ್ಟು ಅವಳಿಂದ ಆಗುತ್ತಿರಲಿಲ್ಲ. ಸಾಹೇಬರು ಅವಳ ಊರು, ಹೆಸರು ಬರೆದುಕೊಂಡರು. ಒಂಬತ್ತೂ ಪೀಪಾಯಿ ಚರಂಡಿಗೆ ಹೋದವು. ವಾರದೊಳಗೆ ಗಂಗುಲಪ್ಪನವರ ಗುತ್ತಿಗೆ ರದ್ದಾಗಿ ಶೆಡ್ಡಿಗೆ ಬೀಗ ಬಿತ್ತು.

ಬೀಗ ಹಾಕಿದ ದಿನ ಭಾರತಮ್ಮ ದಾರಿಯಲ್ಲಿ ಅಡ್ಡ ನಿಂತಳು. "ಹಾಕುವಾಗ ಬ್ಯಾಡ ಅನ್ನಲಿಲ್ಲ, ಹೇಳುವಾಗ ಸುಮ್ನಿರಲಿಲ್ಲ. ನಿನಗೇನು, ಸಾಕೋಕೆ ಯಾರಿದಾರೆ? ನಮ್ಮ ಮಕ್ಕಳು ಏನು ತಿನ್ಬೇಕು?"

"ಹೌದು," ಅಂದಳು ರಾಮಲಕ್ಷ್ಮಮ್ಮ. ಅವಳಿಗೆ ಕೋಪ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ.

ತಿಂಗಳ ಮೇಲೆ ಕಾಗದ ಬಂತು. ಮುಳಬಾಗಿಲಿನಲ್ಲಿ ಹುಣಸೆ ರಸ ತೆಗೆಯುವ ಹೊಸ ಶೆಡ್ಡು. ಪುಡಿ ತೂಗಲು, ಕೇಳಿದಾಗ ನಿಜ ಹೇಳಿದ ಅವಳೇ ಬೇಕೆಂದು ಸಾಹೇಬರು ಬರೆದಿದ್ದರು. ಹೆಂಗಸರನ್ನು ಕರೆದು ತಂದರೆ ಅವರಿಗೂ ಕೆಲಸ. ಅವಳು ಮೊದಲು ಹೋಗಿ ತಟ್ಟಿದ್ದು ಭಾರತಮ್ಮನ ಮನೆಯ ಬಾಗಿಲು.

ಸೋಮವಾರ ಬೆಳಿಗ್ಗೆ ಹನ್ನೊಂದು ಜನ ಪೆಟ್ರೋಲಿನ ಬದಲು ಇದ್ದಿಲಿನಿಂದ ಓಡುವ ಬಸ್ಸಿನಲ್ಲಿ ಹೊರಟರು. ದಿಬ್ಬದ ಬುಡದಲ್ಲಿ ಬಸ್ಸು ನಿಂತಿತು. ಕ್ಲೀನರ್ ಇಳಿದು ಬಸ್ಸಿನ ಹಿಂದಿನ ಇದ್ದಿಲ ಒಲೆಗೆ ಗಾಳಿ ಹಾಕುವ ಚಕ್ರ ತಿರುಗಿಸತೊಡಗಿದ. ಭಾರತಮ್ಮ ಕಿಟಕಿಯ ಕಡೆ ನೋಡುತ್ತಾ, "ಅವತ್ತು ಹಂಗಂದೆ ಅಂತ ಮನಸಲ್ಲಿ ಇಟ್ಕೋಬ್ಯಾಡ ಅಕ್ಕಾ," ಅಂದಳು.

ರಾಮಲಕ್ಷ್ಮಮ್ಮ ತಿರುಗುವ ಚಕ್ರದ ಸದ್ದು ಕೇಳುತ್ತಿದ್ದಳು. ಆಮೇಲೆ ಕೇಳಿದಳು, "ಮಗು ಹೋದಾಗ ನಾನು ಅತ್ತೆನೇನೇ?"

"ಅತ್ತೆ ಕಣಕ್ಕಾ. ನಾನೇ ಹಿಡ್ಕೊಂಡಿದ್ದೆ ನಿನ್ನ."

"ಹೌದಾ," ಅಂದಳು. ನೆನಪಿಗೆ ಬರಲಿಲ್ಲ. ಆದರೂ ತನಗೇ ಗೊತ್ತಿಲ್ಲದೆ ಹಿಡಿದಿದ್ದ ಭಾರತಮ್ಮನ ಕೈಯನ್ನು ಬಸ್ಸು ಮತ್ತೆ ಹೊರಟ ಮೇಲೂ ಬಿಡಲಿಲ್ಲ.